ನೆರಳಿನ ಪುಟ

ಸಗಣಿಯ ಕುಳ್ಳು ತಟ್ಟುವ ಕೈಗೆ ಅಕ್ಷರ ಒಲಿಯುವುದಿಲ್ಲ ಎಂದಿದ್ದ ನೀಲವ್ವನ ಸೋದರಮಾವ ಈರಪ್ಪ. ಕಂಪ್ಯೂಟರಿನ ಮುಂದೆ ಕೂರುವುದಿರಲಿ, ಅದರ ಧೂಳು ಒರೆಸುವುದೂ ಇವಳಿಂದಾಗದು ಎಂದಿದ್ದಳು ಅವನ ಹೆಂಡತಿ.

ನೀಲವ್ವ ಗೋಡೆಗೆ ನೇತುಹಾಕಿದ್ದ ಹಳೆಯ ಪಂಚಾಂಗ ಕಿತ್ತುಕೊಂಡು ಹೋಗಿ, ಕೊಟ್ಟಿಗೆಯಲ್ಲಿ ಕೂತು ಓದು ಕಲಿತಳು. ಕನ್ನಡದ ಅಂಕಿ ಮೊದಲು, ಅಕ್ಷರ ಆಮೇಲೆ. ಮೂವತ್ತು ತುಂಬಿದ ವರ್ಷ ಹೊಳೆ ದಾಟಿ, ನಡುಗಡ್ಡೆಯ ಆಶ್ರಮಕ್ಕೆ ಬಂದು, ಅದನ್ನು ನಡೆಸುವ ಚಂದಮ್ಮ ತಾಯಿಯ ಮುಂದೆ ನಿಂತಳು.

ಏನು ಬೇಕೆಂದು ತಾಯಿ ಕೇಳಿದಳು. ಕೆಲಸ ಕಲಿಯಬೇಕು ಎಂದಳು ನೀಲವ್ವ.

ಗಡ್ಡೆಗೆ ಇದ್ದದ್ದು ಒಂದೇ ದೋಣಿ. ಮೇಲಿನ ಅಣೆಕಟ್ಟೆಯಿಂದ ಬಿಡುವ ನೀರು ನೋಡಿಕೊಂಡು ಅದು ದಿನಕ್ಕೊಮ್ಮೆ, ಒಂದೊಂದು ದಿನ ಒಂದೊಂದು ಹೊತ್ತಿಗೆ ಹೊರಡುತ್ತಿತ್ತು. ಆ ಹೊತ್ತನ್ನು ಆಶ್ರಮದ ಜಾಲತಾಣದಲ್ಲಿ ಹಾಕುತ್ತಿದ್ದರು. ಗಡ್ಡೆಯ ಜನ ಫೋನಿನಲ್ಲಿ ಅದನ್ನು ನೋಡಿಯೇ ಬುತ್ತಿ ಕಟ್ಟುತ್ತಿದ್ದರು.

ಚಂದಮ್ಮ ಕುಂಬಾರರ ಮನೆಯ ಮಗಳು. ಹಸಿ ಗಡಿಗೆಯನ್ನು ಮೊದಲು ನೆರಳಲ್ಲಿ ಆರಿಸಬೇಕು, ಒಮ್ಮೆಲೇ ಬಿಸಿಲಿಗಿಟ್ಟರೆ ಬಿರಿಯುತ್ತದೆ ಎಂಬುದು ಅವಳಿಗೆ ತವರಿನ ಪಾಠ. ಹಾಗಾಗಿ ಜಾಲತಾಣವನ್ನೂ ಎರಡು ಮಾಡಿದ್ದಳು. ಜನ ನೋಡುವುದಕ್ಕೆ ಬಿಸಿಲು ಎಂದು ಹೆಸರು. ಅದರದೇ ಪಡಿಯಚ್ಚು ಇನ್ನೊಂದು, ಹೊರಗಿನವರಿಗೆ ಕಾಣದ್ದು. ಅದು ನೆರಳು.

ಒಂದು ಚುಕ್ಕೆ ಬದಲಿಸಿದರೂ ಮೊದಲು ನೆರಳಲ್ಲಿ ಬದಲಿಸಬೇಕು. ಅದನ್ನು ಅಂಬಿಗ ಬಸಲಿಂಗನ ಒಡೆದ ಫೋನಿನಲ್ಲಿ, ಅವನ ಬಾಯಿಂದಲೇ ಓದಿಸಬೇಕು. ಅವನು ತಡವರಿಸದೆ ಓದಿದರೆ ಮಾತ್ರ ಬಿಸಿಲಿಗೆ. ಬಿಸಿಲಿನ ಪಾಸ್‌ವರ್ಡು ತಾಯಿಯೊಬ್ಬಳ ಬಳಿ ಇತ್ತು. ಅದನ್ನು ಕೀಲಿ ಎನ್ನುತ್ತಿದ್ದರು.

ನೀಲವ್ವನಿಗೆ ಬೇಕಾಗಿದ್ದದ್ದು ಆ ಕೀಲಿ.

ಎಂಟು ತಿಂಗಳು ಅವಳು ನೆರಳಲ್ಲೇ ದುಡಿದಳು. ಕೀಲಿ ಕೇಳಿದಾಗಲೆಲ್ಲ ತಾಯಿ, ಬಸಲಿಂಗ ಓದಿದನೇ ಎಂದು ಕೇಳುತ್ತಿದ್ದಳು. ನೀಲವ್ವನಿಗೆ ಅನಿಸುತ್ತಿತ್ತು, ಯಾರೂ ತುಳಿಯದ ಅಂಗಳಕ್ಕೆ ದಿನಾ ರಂಗೋಲಿ ಹಾಕಿದಂತೆ ಇದು.

ಒಂದು ದಿನ ಅವಳು ಬಾಯಿಬಿಟ್ಟೇ ಕೇಳಿದಳು. "ನಾ ಬರದದ್ದು ಸರಿ ಐತೋ ಇಲ್ಲೋ ಅಂತ ಹೇಳಾಕ ಆ ಅಂಬಿಗ ಯಾರ್ರೀ ತಾಯಿ? ಅಂವಗ ನನ್ನಷ್ಟು ಓದಾಕ ಬರ್ತೈತೇನು?"

"ಇಲ್ಲ," ಎಂದಳು ತಾಯಿ. "ಅದಕ್ಕ ಅಂವ."

ಇದೆಂಥ ಉತ್ತರ ಎಂದು ನೀಲವ್ವ ಮೂರು ದಿನ ಕುದಿದಳು.

ನಾಲ್ಕನೆಯ ದಿನ ಚಂದಮ್ಮ ಯಾರನ್ನೋ ನೋಡಲು ಗಡ್ಡೆಯ ಆಚೆ ತುದಿಗೆ ಹೋದಳು. ಕಂಪ್ಯೂಟರು ತೆರೆದೇ ಇತ್ತು. ಬಿಸಿಲೂ ತೆರೆದೇ ಇತ್ತು. ಮರುದಿನದ ಹೊತ್ತು ಇಂಗ್ಲಿಷ್ ಅಂಕಿಯಲ್ಲಿತ್ತು: ಬೆಳಿಗ್ಗೆ 6.

ಕನ್ನಡದ ಪುಟಕ್ಕೆ ಇಂಗ್ಲಿಷ್ ಅಂಕಿ ಯಾಕೆ ಎಂದುಕೊಂಡಳು ನೀಲವ್ವ. ಕೊಟ್ಟಿಗೆಯಲ್ಲಿ ಕಲಿತ ತನ್ನ ಅಂಕಿಯನ್ನು ಅಲ್ಲಿ ಕೂರಿಸಿದಳು. ಬೆಳಿಗ್ಗೆ ೬. ಎರಡು ಸಲ ಓದಿ ನೋಡಿದಳು. ತಪ್ಪಿರಲಿಲ್ಲ. ನೆರಳಿನ ಕಡೆ ತಿರುಗಿಯೂ ನೋಡದೆ ಬಿಸಿಲಿಗೆ ಏರಿಸಿದಳು.

ಮರುದಿನ ದೋಣಿ ಆರಕ್ಕೆ ಹೊರಟಿತು. ಅರ್ಧ ಖಾಲಿ.

ಒಂಬತ್ತಕ್ಕೆ ಆಶ್ರಮದ ಬಾಗಿಲಲ್ಲಿ ಗದ್ದಲ. ಮುಂದೆ ನಿಂತವಳು ರುದ್ರವ್ವ, ಗಂಡ ಸತ್ತ ಮೇಲೆ ಹಗಲು ಕೂಲಿ ಮಾಡಿ, ಉಳಿದ ಹೊತ್ತು ಓದಿ, ಹತ್ತನೆಯ ತರಗತಿ ಮುಗಿಸಿದವಳು. ಹನ್ನೊಂದಕ್ಕೆ ತಾಲ್ಲೂಕಿನಲ್ಲಿ ಅಂಗನವಾಡಿ ಕೆಲಸದ ಸಂದರ್ಶನವಿತ್ತು. ಇಸ್ತ್ರಿ ಮಾಡಿದ ಸೀರೆಯ ಅಂಚು ಹೊಳೆಯ ಕೆಸರಲ್ಲಿ ನೆನೆದಿತ್ತು. ಅವತ್ತು ಮತ್ತೆ ದೋಣಿ ಇರಲಿಲ್ಲ. ಇನ್ನೊಂದು ಸಂದರ್ಶನ ಬರುವ ವರ್ಷಕ್ಕೆ.

"ಒಂಬತ್ತಂತ ಹಾಕೀರಿ," ಎಂದಳು ರುದ್ರವ್ವ. ಕೂಗಲಿಲ್ಲ. ಫೋನು ಮುಂದೆ ಹಿಡಿದಳು, ಅಷ್ಟೆ.

ನೀಲವ್ವ ಸಿಡಿದಳು. "ಒಂಬತ್ತಲ್ಲ ಅದು, ಆರು. ನಮ್ಮ ಅಂಕಿ ನಮಗ ಓದಾಕ ಬರದಿದ್ರ ಅದು ಬರೆದಾಕಿ ತಪ್ಪೇನು?"

ರುದ್ರವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಶ್ಯಾಣ್ಯಾಕಿ ಇದ್ದೀಯವ್ವ," ಎಂದು ತಿರುಗಿ ನಡೆದಳು. ಉಳಿದವರೂ ಬೈದುಕೊಳ್ಳುತ್ತ ಚದುರಿದರು.

ಚಂದಮ್ಮ ಒಳಗೆ ಕೂತು ಏನೋ ಬರೆದಳು. ದೋಣಿ ಮರಳಿದ ಮೇಲೆ ಕಂಪ್ಯೂಟರನ್ನು ಮಡಚಿ ಕಂಕುಳಲ್ಲಿಟ್ಟು ನೀಲವ್ವನನ್ನು ದಡಕ್ಕೆ ಕರೆದೊಯ್ದಳು. ನಡುಮಧ್ಯಾಹ್ನ. ಬಸಲಿಂಗನ ಫೋನು ಇಸಿದುಕೊಂಡು ನೀಲವ್ವನ ಕೈಗಿಟ್ಟಳು.

"ನೆರಳಿನ್ಯಾಗ ಒಂದು ಹೊತ್ತು ಬರದೀನಿ. ಓದು."

ಗಾಜಿಗೆ ಜೇಡರ ಬಲೆಯಂಥ ಬಿರುಕು. ಮೇಲೆ ಸೂರ್ಯ. ನೀಲವ್ವ ಕಣ್ಣು ಕಿರಿದು ಮಾಡಿದಳು.

"ಒಂಬತ್ತು."

"ಖರೇನ?"

"ಕಣ್ಣಿಗೆ ಕಾಣಾಕ್ಹತ್ತೈತಲ್ರೀ. ಒಂಬತ್ತು."

ಬಸಲಿಂಗ ಬಗ್ಗಿ ನೋಡಿ, ನನಗೂ ಹಂಗ ಕಾಣತೈತಿ ಅಕ್ಕಾರ, ಎಂದು ಹುಟ್ಟು ಒರೆಸತೊಡಗಿದ.

ತಾಯಿ ಕಂಪ್ಯೂಟರು ತೆರೆದು ತನ್ನ ಸೆರಗಿನ ಮರೆಯಲ್ಲಿ ಹಿಡಿದಳು. ಅದೇ ಪುಟ, ದೊಡ್ಡದಾಗಿ, ಸ್ಪಷ್ಟವಾಗಿ. ೬.

ನೀಲವ್ವ ಫೋನನ್ನು ಅದರ ಪಕ್ಕಕ್ಕೆ ಹಿಡಿದು ನೋಡಿದಳು. ಇದಕ್ಕೂ ಒಂಬತ್ತಕ್ಕೂ ಬಾಲದ ತಿರುವಿನಲ್ಲಷ್ಟೇ ವ್ಯತ್ಯಾಸ. ಫೋನಿನ ಬಿರುಕು ಆ ಬಾಲದ ಮೇಲೇ ಹಾದಿತ್ತು.

ಅವಳು ಅಲ್ಲಿಂದ ನೇರ ರುದ್ರವ್ವನ ಮನೆಗೆ ಹೋದಳು. ತಪ್ಪು ನಂದು ಎಂದಳು. ರುದ್ರವ್ವ ಸೀರೆಯ ಅಂಚು ತೊಳೆಯುತ್ತಲೇ ಇದ್ದಳು.

ಆಶ್ರಮಕ್ಕೆ ಮರಳಿದ ನೀಲವ್ವ ಯಾರೂ ಹೇಳದೆಯೇ ನೆರಳನ್ನು ತೆರೆದಳು. ಅಂಕಿ ಅಳಿಸಿ ಅಕ್ಷರದಲ್ಲಿ ಬರೆದಳು: ನಾಳೆ ಬೆಳಿಗ್ಗೆ ಏಳು ಗಂಟೆಗೆ. ದಡಕ್ಕೆ ಓಡಿ ಬಸಲಿಂಗನಿಂದ ಓದಿಸಿದಳು. ಅವನು ಓದಿದ. ಇನ್ನೊಮ್ಮೆ ಎಂದಳು. ಎಷ್ಟು ಸಲ ಓದಿಸ್ತಿ ಮಾರಾಯ್ತಿ, ನಾನೇನು ಸಾಲಿ ಹುಡುಗನೇನು ಎಂದು ಗೊಣಗುತ್ತ ಮತ್ತೆ ಓದಿದ.

ಹಿಂದಿರುಗಿದಾಗ ತಾಯಿ ಒಂದು ಚೀಟಿ ಮುಂದೆ ಸರಿಸಿದಳು. ಅದರಲ್ಲಿ ಬಿಸಿಲಿನ ಕೀಲಿ ಇತ್ತು.

ನೀಲವ್ವನಿಗೆ ಮತ್ತೆ ಸಿಟ್ಟು ಬಂತು. ಕೈ ಚಾಚಲಿಲ್ಲ. "ಎಂಟು ತಿಂಗಳು ಬೇಡಿದೆ, ಕೊಡಲಿಲ್ಲ. ಇವತ್ತ ಯಾಕ ಕೊಡ್ತೀರಿ? ಇಂಥಾ ದಿನ?"

ಚಂದಮ್ಮ ಚೀಟಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಇನ್ನ ಇದು ನಿಂದವ್ವ. ಇದರ ಬೆಲಿ ಒಂದು ವರ್ಷ. ಆ ಬೆಲಿ ಕೊಟ್ಟಾಕಿ ರುದ್ರವ್ವ."