ಸೀಸದ ಬಾಗಿಲು ತೆರೆದವನು

ಹಿಂದಿನ ಗುರುಗಳು ಗುಹೆ ಹುಡುಕಿಕೊಂಡು ಹೋಗುತ್ತಿದ್ದರಂತೆ. ಪ್ರೊಫೆಸರ್ ಧರಣೇಂದ್ರಯ್ಯನವರೂ ಅದೇ ಜಾತಿ ಅನ್ನಿ, ಮುಚ್ಚಿಹೋದ ಗಣಿಯೊಂದರ ತಳದಲ್ಲಿ ಪ್ರಯೋಗಾಲಯ ಹೂಡಿದ್ದರು.

ನಕ್ಷತ್ರದ ಒಡಲಲ್ಲಿ ಕಾರ್ಬನ್ನೂ ಹೀಲಿಯಮ್ಮೂ ಕೂಡಿ ಆಮ್ಲಜನಕ ಹುಟ್ಟುತ್ತದಲ್ಲ, ಅದನ್ನೇ ಅಲ್ಲಿ ಮಾಡಿ ನೋಡುವ ಕೆಲಸ. ಹುಟ್ಟಿದಾಗ ಒಂದು ಕಿರಣ ಹೊಮ್ಮುತ್ತದೆ, ಎಣಿಸುವ ಯಂತ್ರ ಟಿಕ್ ಎನ್ನುತ್ತದೆ. ಬಲು ಅಪರೂಪ. ಬೇರೆ ಕಿರಣ ನುಗ್ಗಬಾರದೆಂದು ಮೇಲೆ ಬಂಡೆ, ಯಂತ್ರದ ಸುತ್ತ ಸೀಸದ ಗೋಡೆ, ಅದಕ್ಕೊಂದು ಸೀಸದ ಬಾಗಿಲು.

ಶಿಷ್ಯರಿಬ್ಬರು, ನಜ್ಮಾ ಮತ್ತು ಪಂಪಾಪತಿ. ಒಂದೇ ಯಂತ್ರ, ಸರದಿಯ ಮೇಲೆ. ಯಾರ ಎಣಿಕೆ ಗಟ್ಟಿಯೋ ಪ್ರಬಂಧದಲ್ಲಿ ಅವರ ಹೆಸರು ಮೊದಲು.

ನಜ್ಮಾಳ ಎಣಿಕೆ ನೋಡಿ ಗುರುಗಳು, "ಭೇಷ್ ಕಣಮ್ಮ" ಎಂದರು.

ಪಂಪಾಪತಿಗೆ ಅಂದು ಊಟ ಇಳಿಯಲಿಲ್ಲ.

ತನ್ನ ಸರದಿ ಬಂದಾಗ ಅವನು ಸೀಸದ ಬಾಗಿಲು ತೆರೆದು, ಯಂತ್ರಕ್ಕೆ ಆತುಕೊಂಡೇ ಕೂತ. ಒಂದು ಟಿಕ್ಕೂ ತಪ್ಪಬಾರದು!

ಎಣಿಕೆ ಏರಿತು. ನಜ್ಮಾಳದನ್ನೂ ದಾಟಿತು.

"ಸರ್, ಅವಳಿಗಿಂತ ನಂದೇ ಜಾಸ್ತಿ!"

"ಸಂತೋಷ. ಮೇಲೆ ಹೋಗಿ ಕಾಫಿ ಕುಡಿದು ಬಾ."

"ಅಷ್ಟರಲ್ಲಿ ಅವಳು ಬಂದು ಕೂತುಬಿಟ್ಟರೆ?"

"ನಾನು ಆಚೆ ಕೋಣೆಯಿಂದ ನೋಡ್ತಿರ್ತೀನಿ. ಹೋಗೋ ಮಾರಾಯ."

ಹೋದ. ಕಾಫಿಯ ರುಚಿ ಕೂಡ ತಿಳಿಯದೆ ಓಡಿ ಬಂದ. ಟಿಕ್ ಟಿಕ್ ಸದ್ದು ವಿರಳವಾಗಿತ್ತು.

"ನಜ್ಮಾ ಏನಾದರೂ ಮುಟ್ಟಿದಳಾ ಸರ್?"

"ಯಾರೂ ಈ ಕಡೆ ಸುಳಿದಿಲ್ಲ. ಕೂತ್ಕೋ."

ಕೂತ. ಸದ್ದು ಏರಿತು.

"ಏಳು. ಗೋಡೆಯ ಹತ್ತಿರ ಹೋಗಿ ನಿಲ್ಲು."

ನಿಂತ. ಸದ್ದು ಇಳಿಯಿತು.

ಪಂಪಾಪತಿ ತನ್ನ ಕೈಗಳನ್ನೇ ನೋಡಿಕೊಂಡ. ಮನುಷ್ಯರ ಮೈಯಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದರಿಂದಲೂ ಒಂದಿಷ್ಟು ಕಿರಣ ಸೂಸುತ್ತಲೇ ಇರುತ್ತದೆ. ಮೊದಲ ವರ್ಷದ ಪಾಠ!

"ಅಂದರೆ... ಇಷ್ಟು ಹೊತ್ತೂ ಎಣಿಸಿದ್ದು ನನ್ನನ್ನೇನಾ ಸರ್?"

"ಬಹುಪಾಲು."

"ಹಾಗಾದರೆ ಪ್ರಬಂಧದಲ್ಲಿ ನನ್ನ ಹೆಸರು?"

"ನಕ್ಷತ್ರ ಏನು ಹೇಳುತ್ತೋ ನೋಡೋಣ."

ಅವನು ಸೀಸದ ಬಾಗಿಲು ಮುಚ್ಚಿದ. ಕುರ್ಚಿ ಎತ್ತಿಕೊಂಡು ಕೇಳಿದ:

"ಇನ್ನು ಮೇಲೆ ಎಷ್ಟು ದೂರ ಕೂರಲಿ ಸರ್?"

"ನಜ್ಮಾಳ ಎಣಿಕೆ ಏರಿತು ಅಂದಾಗ ನಿನಗೆ ಖುಷಿಯಾಗೋವರೆಗೂ ನಡಿ. ಎಲ್ಲಿ ಆಗುತ್ತೋ ಅಲ್ಲಿ ಕುರ್ಚಿ ಹಾಕಿಕೋ."