ಶಟರಿನ ಮೇಲಿನ ನವಿಲು

ಹಳೇಪೇಟೆಯ ಅಂಗಡಿಗಳೆಲ್ಲ ಮುಚ್ಚಿಹೋಗಿದ್ದವು. ಬೀದಿಗೆ ಜೀವ ಬರಲೆಂದು ಪೇಟೆ ಸಮಿತಿಯವರು ಒಂದು ಅಂಗಡಿಯ ಶಟರಿನ ಮೇಲೆ ನವಿಲಿನ ಚಿತ್ರ ಬರೆಸಿದರು. ಅದರೆದುರು ಫೋನ್ ಹಿಡಿದರೆ ಪರದೆಯಲ್ಲಿ ನವಿಲು ಕುಣಿಯುತ್ತಿತ್ತು. ನೋಡಲು ಜನ ಸೇರಿದರು. ಜನರನ್ನು ಕಂಡ ದರ್ಜಿ ಮೌನೇಶ, ಮುಚ್ಚಿದ್ದ ತನ್ನ ಆ ಅಂಗಡಿಯನ್ನು ಮತ್ತೆ ತೆರೆಯಲು ಬೀಗದ ಕೈ ಹಿಡಿದು ಬಂದ.

"ಮೇಲೇಳಬೇಡ, ನಿನ್ನ ಜೊತೆ ನಾನೂ ಸುತ್ತಿಕೊಂಡು ಕಾಣದಾಗುತ್ತೇನೆ" ಎಂದಿತು ನವಿಲು, ಶಟರಿಗೆ.

"ಆರು ವರ್ಷದಿಂದ ಈ ದಿನಕ್ಕೇ ಕಾದಿದ್ದೇನೆ" ಎಂದು ಶಟರು ಸಿಡುಕಿತು. "ನಿನ್ನನ್ನು ಬರೆಸಿದ್ದಾದರೂ ಯಾತಕ್ಕೆ?"

"ಅಂಗಡಿಗಳು ತೆರೆಯಲೆಂದು."

"ಮತ್ತೆ?"

ಅಷ್ಟರಲ್ಲಿ ಸಮಿತಿಯವರು ಓಡಿಬಂದು ದರ್ಜಿಯ ಕೈ ಹಿಡಿದರು.

"ತೆಗೀಬೇಡಿ ಮೌನೇಶಣ್ಣ, ಚಿತ್ರ ಕಾಣಲ್ಲ. ಮೊದಲು ಪೇಟೆ ಉದ್ಧಾರ ಆಗಲಿ, ಆಮೇಲೆ ಅಂಗಡಿ ತೆಗೀರಂತೆ."