ರೇಡಿಯೋ ನೀಲಗಂಗವ್ವ ಕಾದು ಕೂತದ್ದು

ಬಹಳ ಹಿಂದೆ, ಹೊಳೆಗೆ ಇನ್ನೂ ಸೇತುವೆ ಕಟ್ಟದ ಕಾಲಕ್ಕೆ, ಕಲ್ಲೂರದಂಡಿ ಅಂತ ಒಂದು ಊರಿತ್ತು, ಕೇಳ್ರಪ್ಪಾ. ಆ ಊರಿನ ಹಳೇ ಚಾವಡಿಯಲ್ಲಿ ಒಂದು ಸಣ್ಣ ರೇಡಿಯೋ ಕೇಂದ್ರ. ಅದರ ದನಿ ಏಳು ಹಳ್ಳಿಗೆ ಮುಟ್ಟುತ್ತಿತ್ತು. ಆ ದನಿ ನೀಲಗಂಗವ್ವನದು.

ದಿನಾ ಮಧ್ಯಾಹ್ನ ಒಂದು ತಾಸು ಆಕೆ ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಿದ್ದಳು. ಇಂಥವರೇ ಅಂತಿಲ್ಲ, ಇಂಥದ್ದೇ ಅಂತಿಲ್ಲ. ಕುಂಬಾರನಿಗೆ ಚೆಲುವು ಅಂದರೇನು ಅಂತ ಕೇಳಿದಳಂತೆ. ಸೂಲಗಿತ್ತಿಗೆ ಭಯ ಅಂದರೇನು ಅಂತ ಕೇಳಿದಳಂತೆ. ಪಂಚಾಂಗದ ಪಂಡಿತರನ್ನೂ ಕುರಿ ಕಾಯುವ ಮಾಳಪ್ಪನನ್ನೂ ಒಟ್ಟಿಗೆ ಕೂರಿಸಿ ಆಕಾಶದ ಮಾತು ತೆಗೆದಳಂತೆ. ಕೊನೆಗೆ ಪಂಡಿತರೇ ಮಾಳಪ್ಪನಿಂದ ಎರಡು ಚುಕ್ಕಿಯ ಹೆಸರು ಬರೆದುಕೊಂಡು ಹೋದರಂತೆ. ಆಕೆಯ ದನಿ ಬಂದರೆ ಏಳೂ ಹಳ್ಳಿಯ ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದವು ಅಂತಾರೆ. ಎತ್ತುಗಳು ಸಾಲಿನ ನಡುವೆ ನಿಂತುಬಿಡುತ್ತಿದ್ದವು ಅಂತಾರೆ.

ಒಂದು ವರ್ಷ ಹೊಳೆ ತುಂಬಿ ಬಂದಾಗ ಅಂಬಿಗರ ದ್ಯಾಮಣ್ಣನ ಹರಿಗೋಲು ಮಗುಚಿತು. ಒಂಬತ್ತು ಜನ ಹೋದರು. ದ್ಯಾಮಣ್ಣ ಉಳಿದ. ಉಳಿದದ್ದೇ ತಪ್ಪಾಯಿತು. ಊರು ಅವನ ಜೊತೆ ಮಾತು ಬಿಟ್ಟಿತು. ಬರಬರುತ್ತಾ ಅವನೂ ಮಾತು ಬಿಟ್ಟ. ಆ ಒಂಬತ್ತರಲ್ಲಿ ನೀಲಗಂಗವ್ವನ ತಮ್ಮನೂ ಒಬ್ಬ. ಲೋಕವನ್ನೆಲ್ಲ ಮಾತಾಡಿಸಿದ ಆಕೆ ಕೂಡ ಮೂರು ವರ್ಷ ದ್ಯಾಮಣ್ಣನನ್ನು ಕಂಡರೆ ಮುಖ ತಿರುವಿದಳು. ಆ ನಾಚಿಕೆ ಒಳಗೊಳಗೇ ಕೊರೆದು, ಒಂದು ದಿನ ಅವನಿಗೇ ರೇಡಿಯೋಗೆ ಬಾ ಅಂತ ಹೇಳಿಕಳಿಸಿದಳು.

ಊರು ಉರಿದೆದ್ದಿತು. ಮಗಳನ್ನು ಕಳಕೊಂಡಿದ್ದ ಕಾಶವ್ವ ಚಾವಡಿ ಬಾಗಿಲಿಗೆ ಬಂದು, "ಅವನ ದನಿ ಕಿವಿಗೆ ಬಿದ್ರ ನಿನ್ನ ಮಷಿನ್ನ ಹೊಳಿಗೆ ಒಗೀತೀನಿ," ಅಂದಳು.

"ಒಗಿಯೆವ್ವಾ. ಆದ್ರ ಮೊದಲ ಕೇಳು," ಅಂದಳು ನೀಲಗಂಗವ್ವ. ಕಾಶವ್ವ ಹೊಸ್ತಿಲಲ್ಲೇ ಕೂತಳು.

ದ್ಯಾಮಣ್ಣ ಬಂದ. ಮುಳುಗಿದ ದಿನದ ಮಾತನ್ನು ಆಕೆ ಎತ್ತಲಿಲ್ಲ. "ದ್ಯಾಮಣ್ಣಾ, ಹೊಳಿ ಅಂದ್ರ ಏನೋ?" ಅಂತ ಇಷ್ಟೇ ಕೇಳಿದಳು. ಅವನು ಬಾಯಿ ಬಿಡಲಿಲ್ಲ. ಬೇರೆಯವರಾಗಿದ್ದರೆ ಒಂದು ಹಾಡು ಹಾಕಿಬಿಡುತ್ತಿದ್ದರು. ಆಕೆ ಹಾಕಲಿಲ್ಲ. ಕಾದಳು. ಏಳು ಹಳ್ಳಿಯ ರೇಡಿಯೋದಲ್ಲಿ ಒಬ್ಬ ಮನುಷ್ಯನ ಉಸಿರಷ್ಟೇ ಕೇಳುತ್ತಿತ್ತು. ಕಾಲು ತಾಸು ಅಂತಾರೆ ಕೆಲವರು, ಅರ್ಧ ತಾಸು ಅಂತಾರೆ ಕೆಲವರು. ಒಬ್ಬರೂ ರೇಡಿಯೋ ಆರಿಸಲಿಲ್ಲವಂತೆ.

ಆಮೇಲೆ ದ್ಯಾಮಣ್ಣ ಒಂದು ಹೆಸರು ಹೇಳಿದ. ಇನ್ನೊಂದು ಹೇಳಿದ. ಒಂಬತ್ತೂ ಹೇಳಿದ. ಯಾರು ಎಲ್ಲಿ ಕೂತಿದ್ದರು, ಯಾರು ಏನು ಮಾತಾಡುತ್ತಿದ್ದರು, ಎಲ್ಲ ಹೇಳಿದ. ಕಾಶವ್ವನ ಮಗಳು ಕೈತುಂಬ ಹಸಿರು ಬಳೆ ತೊಟ್ಟುಕೊಂಡು, ಅವ್ವನಿಗೆ ತೋರಿಸಬೇಕು ಅಂತ ನಗುತ್ತಿದ್ದಳಂತೆ. "ಆ ಕೈ ಹಿಡದಿದ್ದೆ. ಬಳಿ ಒಡದ್ವು. ಕೈ ಜಾರಿತು," ಅಂದ. ನೀಲಗಂಗವ್ವನ ತಮ್ಮ ಹಾಡು ಗುನುಗುತ್ತಿದ್ದನಂತೆ. ಅದನ್ನು ಕೇಳಿ ಆಕೆಗೆ ಮುಂದಿನ ಪ್ರಶ್ನೆ ಬಾಯಿಗೆ ಬರಲಿಲ್ಲ. ಆಕೆಯ ಜನ್ಮದಲ್ಲಿ ಅದೊಂದೇ ಸಲ ಹಾಗಾಯಿತು ಅಂತಾರೆ.

ಕಾಶವ್ವ ಎದ್ದು ಒಳಗೆ ಬಂದಳು. ಮಷಿನ್ ಕಡೆ ನೋಡಲಿಲ್ಲ. ದ್ಯಾಮಣ್ಣನ ಅಂಗೈ ಬಿಡಿಸಿ, ಬಳೆ ಗೀರಿದ ಗುರುತಿನ ಮೇಲೆ ಬೆರಳಾಡಿಸಿದಳು. "ಹೆಂಗ ನಗತಿದ್ಲು ಅಕಿ? ಇನ್ನೊಮ್ಮೆ ಹೇಳೋ ತಮ್ಮಾ," ಅಂದಳು.

ನೀಲಗಂಗವ್ವ ಹೋಗಿ ಎಷ್ಟೋ ಕಾಲವಾಯಿತು. ಆ ಸೀಮೆಯಲ್ಲಿ ಈಗಲೂ ಸಾವಿನ ಮನೆಗೆ ಹೋದವರು ಸಮಾಧಾನ ಹೇಳುವುದಿಲ್ಲ. ಹೋದವರ ಬಗ್ಗೆ ಒಂದೇ ಒಂದು ಮಾತು ಕೇಳಿ, ಗೋಡೆಗೆ ಒರಗಿ ಸುಮ್ಮನೆ ಕೂರುತ್ತಾರೆ. ಮನೆಯವರು ಬಾಯಿ ಬಿಡುವ ತನಕ ಒಬ್ಬರೂ ಏಳುವುದಿಲ್ಲ.